ಉಪ್ಪು ಬಿಟ್ಟ ಕೈ ನೆಟ್ಟ ಬಳ್ಳಿ

ಉಕಯಾಲಿ ನದಿಯ ಮೇಲೆ ಮಂಜು ಇನ್ನೂ ಕರಗಿಲ್ಲ. ಬಾಳೆತೋಟದ ಕೊನೆಯ ದೊಡ್ಡ ಮರದ ಬುಡದಲ್ಲಿ ದೆಲ್ಮಿರಾ ಸಿನುಯಿರಿ ಮಚ್ಚನ್ನು ನೆಲಕ್ಕಿಟ್ಟು ಚುಟ್ಟಾ ಹಚ್ಚುತ್ತಾರೆ. ಒಂದು ದಮ್ಮು ಎಳೆದು, ಮರವನ್ನು ಸುತ್ತಿಕೊಂಡ ಬಳ್ಳಿಯ ಮೇಲೆ ಹೊಗೆಯನ್ನು ಮೆಲ್ಲಗೆ ಊದುತ್ತಾರೆ. ಬಳ್ಳಿ ಅವರ ತೋಳಿನಷ್ಟು ದಪ್ಪವಿದೆ. ಅಪ್ಪಣೆ ಕೇಳದೆ ಅದಕ್ಕೆ ಮಚ್ಚು ಹಾಕುವ ನಮ್ಮ ಶಿಪಿಬೊ ಬುಡಕಟ್ಟಿನ ಹೆಂಗಸು ಇನ್ನೂ ಹುಟ್ಟಿಲ್ಲ. ಗಂಡಸರು ಹುಟ್ಟಿದ್ದಾರೆ, ತೊಂದರೆ ಅಲ್ಲೇ ಶುರುವಾದದ್ದು.

ನಾವು ಓನಿ ಎನ್ನುವ, ಹೊರಗಿನವರು ಅಯಾವಾಸ್ಕಾ ಎನ್ನುವ ಬಳ್ಳಿ ಇದು. ವೈದ್ಯರು ಇದನ್ನು ಜಜ್ಜಿ, ಸೊಪ್ಪು ಸೇರಿಸಿ ದಿನವಿಡೀ ಕುದಿಸಿ, ಕತ್ತಲಲ್ಲಿ ಕುಡಿದು, ಬಳ್ಳಿ ಕೊಟ್ಟ ಹಾಡು ಹಾಡಿ ಕಾಯಿಲೆ ಬಿಡಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ರೋಗಿ ಸುಮ್ಮನೆ ಮಲಗಿದ್ದರೆ ಸಾಕು; ಕಾಯಿಲೆ ಒಬ್ಬರಿಗೆ, ಕಹಿ ಇನ್ನೊಬ್ಬರಿಗೆ! ಹಾಡುವವರ ಹೆಸರು ನದಿಯುದ್ದಕ್ಕೂ ಗೊತ್ತು. ಬಳ್ಳಿ ನೆಟ್ಟವರನ್ನು ಯಾರು ಕೇಳುತ್ತಾರೆ?

ಪಟ್ಟಣದ ವ್ಯಾಪಾರಿಗಳು ಬಂದ ಕಾಲದಲ್ಲಿ ಊರಿನವರು ಕಾಡಿನ ಬಳ್ಳಿಯನ್ನೆಲ್ಲ ಬುಡಸಮೇತ ಕಿತ್ತು ದೋಣಿಗೆ ತುಂಬಿದರು. ಕೊನೆಗೆ ಊರಿನ ವೈದ್ಯರೇ ಎಲ್ಲಿಯದೋ ಬಳ್ಳಿಯನ್ನು ಅದೇ ದೋಣಿಯಿಂದ ಕೊಳ್ಳುವ ಗತಿ ಬಂತು. ದೆಲ್ಮಿರಾ ಅವರಿಗೆ ಇದನ್ನು ನೋಡಲಾಗಲಿಲ್ಲ, ತಾವೇ ನೆಡತೊಡಗಿದರು. ಮೊದಲ ಸಲ, ಬೇಗ ಬೆಳೆಯಲಿ ಎಂದು ತೋಪಾ ಮರಕ್ಕೆ ಹಬ್ಬಿಸಿದರು. ತೋಪಾ ಹಗುರ ಮರ, ಬೆಳೆದಷ್ಟೇ ಬೇಗ ಬೀಳುತ್ತದೆ. ಒಂದು ಬಿರುಗಾಳಿಗೆ ಮರವೂ ಹೋಯಿತು, ಬಳ್ಳಿಯೂ ಹೋಯಿತು.

"ಅವತ್ತು ಕೂತು ಅತ್ತುಬಿಟ್ಟೆ. ಅವಸರ ಮಾಡಿದ್ದು ನಾನು, ಸತ್ತಿದ್ದು ಅದು" ಎನ್ನುತ್ತಾರೆ.

ಎರಡನೆಯ ಸಲ ಗಟ್ಟಿ ಮರವನ್ನೇ ಹುಡುಕಿದರು. ಮರವೇನೋ ಒಪ್ಪಿತು, ಮೈದುನ ಒಪ್ಪಲಿಲ್ಲ. ಊರಿನ ವೈದ್ಯ ಬಾಸಿಲಿಯೊ ಇವರ ಗಂಡನ ತಮ್ಮ. ಬಳ್ಳಿ ನೆಡುವವರು ಒಂದು ತಿಂಗಳು ಉಪ್ಪು, ಖಾರ, ಸಿಹಿ ಬಿಡಬೇಕು, ಬೇರೆ ಮಲಗಬೇಕು. ತಪ್ಪಿದರೆ ಬಳ್ಳಿ ಕಿವುಡಾಗುತ್ತದೆ, ಎಷ್ಟು ಕರೆದರೂ ಹಾಡು ಕೊಡುವುದಿಲ್ಲ. ಒಲೆ ಮುಂದೆ ಕೂರುವ ಅತ್ತಿಗೆ ರುಚಿ ನೋಡದೆ ಇದ್ದಾರೆಯೇ ಎಂದು ಬಾಸಿಲಿಯೊ ಊರೆಲ್ಲ ನಗೆಯಾಡಿದರು. ಅದನ್ನು ಕೇಳಿ ಬೇರೆ ಯಾರೂ ಬಳ್ಳಿ ನೆಡುವ ಗೋಜಿಗೆ ಹೋಗಲಿಲ್ಲ. ಗಂಡ ಸೆಗುಂದೊ ಮಾತ್ರ ಸಾಕ್ಷಿ: "ವ್ರತ ಅವಳದ್ದು. ಸಪ್ಪೆ ಮೀನು ತಿಂದು ಸೊರಗಿದ್ದು ನಾನು."

ಈ ವಾರ ವ್ಯಾಪಾರಿಯ ದೋಣಿ ಬಂದಿಲ್ಲ. ರೋಗಿಯೊಬ್ಬರು ಬಂದು ಕಾಯುತ್ತಿದ್ದಾರೆ. ಬೇರೆ ದಾರಿ ಕಾಣದೆ ಬಾಸಿಲಿಯೊ ಇವತ್ತು ಬೆಳಗ್ಗೆ ಅತ್ತಿಗೆಯ ತೋಟಕ್ಕೆ ಬಂದಿದ್ದಾರೆ. ಹೊಗೆ ಊದಿ ಅಪ್ಪಣೆ ಕೇಳಿಯಾದ ಮೇಲೆ ದೆಲ್ಮಿರಾ ಸೊಂಟದೆತ್ತರ ಬುಡ ಉಳಿಸಿ ಕತ್ತರಿಸುತ್ತಾರೆ, ಅದು ಮತ್ತೆ ಚಿಗುರಬೇಕಲ್ಲ. ಕಡಿದ ತುದಿಯಲ್ಲಿ ಹೂವಿನ ಎಸಳಿನಂಥ ಗುರುತು, ಬಲಿತ ಬಳ್ಳಿಯ ಲಕ್ಷಣ. ಬಾಸಿಲಿಯೊ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಹೆಗಲಿಗೇರಿಸಿ ನಡೆಯುತ್ತಾರೆ. ಈ ರಾತ್ರಿ ಹಾಡು ಬಾರದಿದ್ದರೆ ಇಷ್ಟು ವರ್ಷದ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ದೆಲ್ಮಿರಾ ಆ ದಿನ ಸರಿಯಾಗಿ ಊಟ ಮಾಡುವುದಿಲ್ಲ.

ಮರುದಿನ ಬೆಳಗ್ಗೆ ಅವರು ಕೆಂಡದ ಮೇಲೆ ಬಾಳೆಕಾಯಿ ಸುಡುತ್ತಿರುವಾಗ ಬಾಸಿಲಿಯೊ ಬಾಗಿಲಿಗೆ ಬರುತ್ತಾರೆ. ಕಣ್ಣು ಕೆಂಪಾಗಿದೆ.

"ಹಾಡು ಬಂತು ಅತ್ತಿಗೆ. ಬೆಳಗಾಗೋವರೆಗೂ ಬರ್ತಾನೇ ಇತ್ತು."

ಒಳಗೆ ಬಂದು ಕೆಂಡದ ಪಕ್ಕ ಕೂರುತ್ತಾರೆ. "ಎರಡು ತುಂಡು ಕೊಡಿ. ನಮ್ಮನೆ ಹಿಂದೆ ನೆಡ್ತೀನಿ."

ನೆಡಲು ಬೇಕಾದ ತುಂಡುಗಳನ್ನು ದೆಲ್ಮಿರಾ ನಿನ್ನೆಯೇ ಒದ್ದೆ ಎಲೆಯಲ್ಲಿ ಸುತ್ತಿಟ್ಟಿದ್ದಾರೆ. ಅವನ್ನು ತಂದು ಮೈದುನನ ಕೈಗಿಡುತ್ತಾರೆ. ಸುಟ್ಟ ಬಾಳೆಕಾಯಿಯನ್ನೂ ಮುಂದಿಡುತ್ತಾರೆ. ಉಪ್ಪಿನ ಡಬ್ಬಿಯನ್ನು ಮಾತ್ರ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

"ಇವತ್ತಿಂದಲೇ ಬಿಡು. ಆಮೇಲೆ ಬಳ್ಳಿ ಕಿವುಡು ಅಂತ ನನ್ನ ಹತ್ರ ಬರಬೇಡ."