ಬೆಟ್ಟಮ್ಮನ ಸ್ವರಕ್ಕೊಂದು ಮನೆ

ಚೂಡಾಮಣಿ ಮಂಡ್ಯದ ತವರಿನಲ್ಲಿ ಎಂಟು ವರ್ಷ ವೀಣೆ ಕಲಿತಿದ್ದಳು. ಮದುವೆಯಾಗಿ ಬ್ಲಫ್‌ನ ಕ್ವಾರ್ಟರ್ಸಿಗೆ ಬಂದ ಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ, ಗಂಡ ಸಂಪತ್ ಕುಮಾರ ಕೇಳಲೂ ಇಲ್ಲ. ಅವನು ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಮೀಟರುಗಳನ್ನು ಪರೀಕ್ಷೆ ಮಾಡುವ ಕೆಲಸದವನು. ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ಸ್ಕ್ರೂಡ್ರೈವರು. ೧೯೭೧ರಲ್ಲಿ ಆ ಕೆಲಸ ಬಿಟ್ಟು ಮಳವಳ್ಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ.

ಪಕ್ಕದ ಕಟ್ಟಡದಲ್ಲಿ ಚಲುವರಾಜು ಎಂಬ ನಾಟಕದ ಮೇಷ್ಟ್ರು ಹಳ್ಳಿಯವರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಅವನ ಹಾರ್ಮೋನಿಯಂ ಶುರುವಾದರೆ ಚೂಡಾಮಣಿ ಎದ್ದು ಅಡುಗೆಮನೆಯ ಕಿಟಕಿ ಮುಚ್ಚುವಳು.

"ಯಾಕೆ ಮುಚ್ತೀಯ, ಸೆಖೆ" ಎಂದ ಸಂಪತ್ ಕುಮಾರ ಒಂದು ದಿನ.

"ಆ ಪೆಟ್ಟಿಗೆಯ ಗಾಂಧಾರ ಕಿವಿಗೆ ಚುಚ್ಚತ್ತೆ. ಇರಬೇಕಾದ ಜಾಗದಲ್ಲಿ ಇಲ್ಲ ಅದು."

"ಎಷ್ಟು ದೂರದಲ್ಲಿದೆ?"

ಚೂಡಾಮಣಿಗೆ ನಗು ಬಂತು. "ಅದನ್ನೆಲ್ಲ ಅಳೆಯೋಕಾಗತ್ತಾ?"

ಅವನು ನಗಲಿಲ್ಲ. ನಾಲ್ಕು ದಿನ ಕಳೆದು ಒಂದು ಸಣ್ಣ ಡಬ್ಬಿ ತಂದು ಮುಂದಿಟ್ಟ. ಎರಡು ಟ್ರಾನ್ಸಿಸ್ಟರು, ಒಂದು ತಿರುಗಣೆ, ತಿರುಗಣೆಯ ಕೆಳಗೆ ಕೋನಮಾಪಕದಿಂದ ಗೆರೆ ಎಳೆದ ಕಾಗದ. ತಂಬೂರಿಯಂತೆ ಷಡ್ಜ ಹಿಡಿದು ನಿಲ್ಲಲು ಇನ್ನೊಂದು ಡಬ್ಬಿ. ಅವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದ. ತಾನು ತಿರುಗಣೆ ತಿರುಗಿಸಿ ಸ್ವರ ಏರಿಸುತ್ತ ಹೋಗುವುದು, ಸರಿಯಾದ ಗಾಂಧಾರ ಬಂದಾಗ ಅವಳು 'ಸಾಕು' ಎನ್ನುವುದು. ಮೂರು ದಿನ ಹೀಗೆ ಏಳು ಸಲ ಮಾಡಿಸಿದ. ಒಮ್ಮೆ ಅವಳು ಅಕ್ಕಿ ಆರಿಸುತ್ತಿದ್ದಾಗ, ಒಮ್ಮೆ ನೆಗಡಿಯಾಗಿದ್ದಾಗ. ಆಮೇಲೆ ಕಾಗದವನ್ನು ಬಿಚ್ಚಿ ತೋರಿಸಿದ. ಏಳು ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆಯಾಗಿದ್ದವು.

"ಹನ್ನೊಂದು ವರ್ಷದಿಂದ ಇಷ್ಟು ಒಳ್ಳೆ ಮೀಟರು ಮನೇಲೇ ಇತ್ತು. ನಾನು ನೋಡೇ ಇಲ್ಲ" ಎಂದ.

ಹಾಲು ಉಕ್ಕುತ್ತೆ ಎಂದು ಅವಳು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ವಾದ್ಯ ಮಾಡುವ ಅವರ ಕಸುಬು ಶುರುವಾದದ್ದು ಹೀಗೆ. ಸಪ್ತಕಕ್ಕೆ ಹನ್ನೆರಡರ ಬದಲು ಇಪ್ಪತ್ತೆರಡು ಮನೆಗಳು, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳು, ಇರುವ ವಿದ್ಯುತ್ ಪೆಟ್ಟಿಗೆ. ಬಡಗಿ ಸಿದ್ದರಾಮು ತೇಗದಲ್ಲಿ ಮನೆಗಳನ್ನು ಕೊಯ್ದು ಎರಡು ಸಾಲಾಗಿ ಜೋಡಿಸಿದ. ಒಳಗಿನ ತಂತಿ, ಬೆಸುಗೆ ಎಲ್ಲ ಸಂಪತ್ ಕುಮಾರನದು. ಪ್ರತಿ ಮನೆಗೂ ಒಂದು ಪುಟ್ಟ ಸ್ಕ್ರೂ ಇರುತ್ತಿತ್ತು. ಅದನ್ನು ಕೂದಲೆಳೆಯಷ್ಟು ತಿರುಗಿಸಿ ಸ್ವರ ಕೂರಿಸುವ ಕೆಲಸ ಚೂಡಾಮಣಿಯದು. ತಾನು ಮುಟ್ಟಿದರೆ ಕೆಡುತ್ತದೆಂದು ಅವನು ಆ ಸ್ಕ್ರೂಗಳ ಹತ್ತಿರ ಕೈ ತರುತ್ತಿರಲಿಲ್ಲ.

ಮೊದಲ ಪೆಟ್ಟಿಗೆ ಬೆಳಿಗ್ಗೆ ಚೆನ್ನಾಗಿ ನುಡಿಯಿತು. ಹತ್ತು ಗಂಟೆಗೆ ಸುತ್ತಲಿನ ಗದ್ದೆಗಳಲ್ಲಿ ಪಂಪ್‌ಸೆಟ್ಟುಗಳು ಹೊರಟವು, ಕರೆಂಟು ಇಳಿಯಿತು, ಅದರ ಜೊತೆಗೆ ಇಪ್ಪತ್ತೆರಡು ಸ್ವರಗಳೂ ಕೆಳಗಿಳಿದವು. ಕರೆಂಟಿನ ಸಹವಾಸವೇ ಬೇಡವೆಂದು ಅವನು ಟಾರ್ಚಿನ ಸೆಲ್ಲುಗಳಿಂದ ನಡೆಯುವಂತೆ ಮಾಡಿದ. ಏಪ್ರಿಲ್ ಬಿಸಿಲಿಗೆ ಸ್ವರಗಳು ಬೇರೆ ಥರ ಜರುಗಿದವು. ಚೂಡಾಮಣಿ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಒಂದೊಂದನ್ನೇ ಮತ್ತೆ ಕೂರಿಸಿದಳು.

ಕೊಳ್ಳುವವರು ಮಾತ್ರ ಅಪರೂಪ. ಮದ್ದೂರಿನ ಒಂದು ಭಜನಾ ಮಂಡಲಿ ಒಂದನ್ನು ಒಯ್ದು ತಿಂಗಳೊಳಗೆ ವಾಪಸು ತಂದಿತು. ಚಲುವರಾಜುವಿಗೂ ತೋರಿಸಿದರು. ಅವನು ಎರಡು ಸಾಲಿನ ಮನೆಗಳನ್ನು ನೋಡಿ ಎರಡೂ ಕೈಯ ಬೆರಳುಗಳನ್ನು ಬಿಡಿಸಿ ಮುಂದೆ ಹಿಡಿದ. "ಏನ್ ಸ್ವಾಮಿ, ದೇವ್ರು ನಂಗೆ ಕೊಟ್ಟಿರಾದು ಅತ್ತೇ ಬೆಳ್ಳು. ಇಷ್ಟು ಮನೇಗೆ ಎಲ್ಲಿಂದ ತರ್ಲಿ?"

ಮೂರು ವರ್ಷದಲ್ಲಿ ಐದು ಪೆಟ್ಟಿಗೆ ಹೋದವು. ಮನೆ ನಡೆದದ್ದು ರೇಡಿಯೋ ರಿಪೇರಿಯಿಂದ. ಬಿಟ್ಟುಬಿಡೋಣವೇ ಎಂದು ಸಂಪತ್ ಕುಮಾರ ಒಮ್ಮೆ ಕೇಳಿದ. ಇನ್ನೊಂದು ವರ್ಷ ನೋಡೋಣ ಎಂದಳು ಚೂಡಾಮಣಿ. ಶಾಸ್ತ್ರ ಹೇಳುವ ಇಪ್ಪತ್ತೆರಡು ಸ್ವರಗಳಲ್ಲಿ ಸಂಗೀತವೆಲ್ಲ ಇದೆ, ಜನಕ್ಕೆ ಅದು ತಿಳಿಯಲು ಹೊತ್ತು ಹಿಡಿಯುತ್ತದೆ ಅಷ್ಟೆ ಎಂದು ಅವಳ ನಂಬಿಕೆ.

೧೯೭೫ರ ಒಂದು ಸಂತೆಯ ದಿನ ಹಲಗೂರು ಕಡೆಯ ಬೆಟ್ಟಮ್ಮ ಎಂಬ ಒಕ್ಕಲಗಿತ್ತಿ ಕೆಟ್ಟ ಟ್ರಾನ್ಸಿಸ್ಟರು ರೇಡಿಯೋ ತಂದಳು. ಐವತ್ತು ದಾಟಿದ, ಗಟ್ಟಿ ಮೈಯ ಹೆಂಗಸು. ರಿಪೇರಿಯಾಗುವ ತನಕ ಬಾಗಿಲ ಮೆಟ್ಟಿಲ ಮೇಲೆ ಕೂತು, ತನಗೇ ಗೊತ್ತಿಲ್ಲದಂತೆ ಏನೋ ಗುನುಗುತ್ತಿದ್ದಳು. ಒಳಗೆ ಕೂತಿದ್ದ ಚೂಡಾಮಣಿಯ ಕೈ ನಿಂತಿತು. ಹೊರಗೆ ಬಂದು, "ಇನ್ನೊಂದು ಸಲ ಹೇಳಿ" ಎಂದಳು.

ಬೆಟ್ಟಮ್ಮ ಬಾಯಿಗೆ ಸೆರಗು ಹಿಡಿದಳು. "ಬುಡಿ ಕಣವ್ವ. ನಂದು ಅಪಸ್ವರವಂತೆ. ಪದ ಏಳೋದ ಬುಟ್ಟು ಎಲ್ಡು ವರ್ಸ ಆಯ್ತು."

ಸಂಗತಿ ನಿಧಾನವಾಗಿ ಹೊರಬಂತು. ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಹೆಣ್ಣು ಕಳಿಸುವ ಪದ ಹೇಳಲು ಬೆಟ್ಟಮ್ಮನೇ ಬೇಕಿತ್ತು. ಒಮ್ಮೆ ಮಳವಳ್ಳಿಯ ಸಭೆಯೊಂದರಲ್ಲಿ ಹಾಡಲು ಕರೆಸಿದರು. ಹಾರ್ಮೋನಿಯಂಗೆ ಚಲುವರಾಜು ಕೂತಿದ್ದ. ನಾಲ್ಕು ಸಾಲು ಆಗುತ್ತಲೇ ಅವನು ಪೆಟ್ಟಿಗೆ ನಿಲ್ಲಿಸಿ, ಈಯಮ್ಮ ಪೆಟ್ಟಿಗೆಗೆ ಸೇರುವುದಿಲ್ಲ ಎಂದ. ಜನರೆದುರಿಗೆ ಅವಳು ಇಳಿದು ಬಂದಳು. ಅಂದಿನಿಂದ ಮದುವೆಮನೆಗಳಲ್ಲಿ ಹಿಂದೆ, ಪಾತ್ರೆ ತೊಳೆಯುವವರ ಜೊತೆ ಕೂರುತ್ತಿದ್ದಳು.

"ನನ್ನ ಪೆಟ್ಟಿಗೆ ಬೇರೆ" ಎಂದಳು ಚೂಡಾಮಣಿ. ಒಳಗೆ ಕರೆದು, ಕಾಫಿ ಕೊಟ್ಟು, ಬಾಗಿಲು ಹಾಕಿದ ಮೇಲೆ ಬೆಟ್ಟಮ್ಮ ಹಾಡಿದಳು.

ಚೂಡಾಮಣಿ ಒಂದೊಂದೇ ಸ್ವರವನ್ನು ಪೆಟ್ಟಿಗೆಯಲ್ಲಿ ಹುಡುಕುತ್ತ ಹೋದಳು. ಎಲ್ಲ ಸಿಕ್ಕವು, ಒಂದನ್ನು ಬಿಟ್ಟು. ಪದ ಮೇಲಕ್ಕೆ ಹೋಗಿ ತಿರುಗುವ ಕಡೆ ಬೆಟ್ಟಮ್ಮನ ದನಿ ನಿಲ್ಲುತ್ತಿದ್ದ ಜಾಗ ಎರಡು ಮನೆಗಳ ನಡುವೆ ಇತ್ತು. ಚೂಡಾಮಣಿಗೆ ಮೊದಲು ಬಂದದ್ದು ಎಂಟು ವರ್ಷ ಪಾಠ ಕಲಿತವಳ ಅಸಹನೆ. ಸ್ವಲ್ಪ ಮೇಲೆ ಹೋಗಿ ಎನ್ನಲು ಬಾಯಿ ತೆರೆದಳು. ಮುಂದಿನ ಸುತ್ತಿನಲ್ಲೂ ದನಿ ಅಲ್ಲೇ ನಿಂತಿತು. ಅವಳು ಬಾಯಿ ಮುಚ್ಚಿದಳು.

ಮುಂದಿನ ಮೂರು ಸಂತೆಗಳಿಗೂ ಬೆಟ್ಟಮ್ಮನನ್ನು ಬರಹೇಳಿದರು. ಸಂಪತ್ ಕುಮಾರ ಅಟ್ಟದಿಂದ ಆ ಹಳೆಯ ಡಬ್ಬಿ ಇಳಿಸಿದ. ಈಗ ತಿರುಗಣೆ ಚೂಡಾಮಣಿಯ ಕೈಯಲ್ಲಿತ್ತು. ಬೆಟ್ಟಮ್ಮ ಹಾಡುವುದು, ಇವಳು ಆ ಸ್ವರಕ್ಕೆ ತಿರುಗಿಸಿ ಗುರುತು ಹಾಕುವುದು. ಮೂರು ವಾರದ ಗುರುತುಗಳು ಒಂದೇ ಕಡೆ ಬಿದ್ದವು.

"ಅಪಸ್ವರ ಅಂದ್ರೆ ಒಂದೊಂದು ಸಲ ಒಂದೊಂದು ಕಡೆ ಬೀಳಬೇಕು" ಎಂದ ಸಂಪತ್ ಕುಮಾರ. "ಇದು ಕಲ್ಲು ನೆಟ್ಟ ಹಾಗಿದೆ."

ಚೂಡಾಮಣಿ ಆ ಕಾಗದವನ್ನು ಬಹಳ ಹೊತ್ತು ನೋಡಿದಳು. "ನಿಮಗೆ ಯಾರು ಕಲಿಸಿದ್ದು ಇದು?" ಎಂದು ಬೆಟ್ಟಮ್ಮನನ್ನು ಕೇಳಿದಳು.

"ನಮ್ಮವ್ವ ರಾಗಿ ಬೀಸ್ವಾಗ ಏಳ್ತಿದ್ಲು. ಅವ್ಳ ದನಿ ಅಲ್ಲಿಗೋಗಿ ನಿಲ್ಲದು. ನಂದೂ ಅಲ್ಲೇ ಓಗಿ ನಿಂತ್ಕತದೆ. ಬ್ಯಾರೆ ಕಡೆ ಓಗು ಅಂದ್ರೆ ಎಲ್ಲಿಗೋಗದು?"

ಸಿದ್ದರಾಮು ಇನ್ನೊಂದು ಮನೆ ಕೊಯ್ದುಕೊಟ್ಟ. ಅದನ್ನು ಕೂರಿಸಿದ ದಿನ ಚೂಡಾಮಣಿ ಪದವನ್ನು ಪೂರ್ತಿ ನುಡಿಸಿದಳು. ಆ ತಿರುವು ಬಂದಾಗ ಬೆಟ್ಟಮ್ಮ ಎದ್ದು ಬಂದು, ಪೆಟ್ಟಿಗೆಯ ಮೇಲಿದ್ದ ಚೂಡಾಮಣಿಯ ಬೆರಳನ್ನು ಹಿಡಿದುಕೊಂಡು, "ಅವ್ವ ಕಣವ್ವ ಇದು" ಎಂದಳು.

ಮುಂದಿನ ವರ್ಷ ಹಲಗೂರಿನ ಮಹಿಳಾ ಸಮಾಜದವರು ಮಧ್ಯಾಹ್ನದ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಬೆಟ್ಟಮ್ಮ ಮೊದಲು ಒಲ್ಲೆ ಎಂದಳು, ಆಮೇಲೆ ಚೂಡಾಮಣಿ ಪಕ್ಕದಲ್ಲಿ ಕೂರುವುದಾದರೆ ಸರಿ ಎಂದಳು. ಮದುವೆಯಾದಂದಿನಿಂದ ಚೂಡಾಮಣಿಯೂ ನಾಲ್ಕು ಜನರೆದುರು ನುಡಿಸಿದವಳಲ್ಲ. ಹೆಣ್ಣು ಕಳಿಸುವ ಪದ ನಡುವಿಗೆ ಬರುವ ಹೊತ್ತಿಗೆ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನಿಂದ ಒಬ್ಬಳು ದನಿ ಸೇರಿಸಿದಳು, ಆಮೇಲೆ ಇನ್ನೂ ಕೆಲವರು. ಅವರೆಲ್ಲರ ದನಿಯೂ ಅದೇ ಜಾಗಕ್ಕೆ ಹೋಗಿ ನಿಂತದ್ದನ್ನು ಚೂಡಾಮಣಿ ಬೆರಳಿನಲ್ಲಿ ಕೇಳಿದಳು.

ಚಲುವರಾಜು ಬಾಗಿಲ ಹತ್ತಿರ ನಿಂತಿದ್ದ. ಎಲ್ಲ ಮುಗಿದ ಮೇಲೆ ಬಂದು ಆ ಹೊಸ ಮನೆಯನ್ನು ಒತ್ತಿದ, ಅಕ್ಕಪಕ್ಕದವನ್ನು ಒತ್ತಿದ, ಮತ್ತೆ ಅದನ್ನೇ ಒತ್ತಿದ.

"ಪೆಟ್ಗೇಲಿ ಇಲ್ದೆ ಇದ್ದುದ್ನ ತಪ್ಪು ಅಂದ್ಬುಟ್ಟೆ ಕಣಮ್ಮ" ಎಂದ ಬೆಟ್ಟಮ್ಮನಿಗೆ.

"ಅಂದೆ. ಈಗೇನ್ ಮಾಡನ, ಕಾಪಿ ಕುಡಿ" ಎಂದು ಅವಳು ಲೋಟ ಚಾಚಿದಳು.

ಆಮೇಲೆ ಅವರ ಕಸುಬಿನ ರೀತಿ ಬದಲಾಯಿತು. ಪೆಟ್ಟಿಗೆ ಬೇಕೆಂದು ಬಂದವರಿಗೆ ಚೂಡಾಮಣಿ, "ಮೊದಲು ಹಾಡುವವರನ್ನ ಕರೆದುಕೊಂಡು ಬನ್ನಿ" ಎನ್ನುವಳು. ಅವರ ದನಿ ಎಲ್ಲೆಲ್ಲಿ ನಿಲ್ಲುತ್ತದೆಂದು ನೋಡಿ ಆಮೇಲೆ ಸ್ವರ ಕೂರಿಸುವಳು. ಕೆಲವಕ್ಕೆ ಹದಿನೈದೇ ಮನೆ ಸಾಕಾದವು. ಚಲುವರಾಜುವಿಗೆ ಹದಿನಾಲ್ಕು ಮನೆಯದೊಂದು ಮಾಡಿಕೊಟ್ಟಳು. ತಿಂಗಳಿಗೊಂದರಂತೆ ಹೋಗುತ್ತಿದ್ದವು. ಶ್ರೀಮಂತರೇನೂ ಆಗಲಿಲ್ಲ. ಅಂಗಡಿಯ ಬೋರ್ಡಿನಲ್ಲಿ 'ರೇಡಿಯೋ ರಿಪೇರಿ' ಎಂಬುದರ ಮೇಲೆ ದೊಡ್ಡ ಅಕ್ಷರದಲ್ಲಿ 'ಚೂಡಾಮಣಿ ಸ್ವರಪೆಟ್ಟಿಗೆ' ಎಂದು ಸಂಪತ್ ಕುಮಾರ ಅವಳನ್ನು ಕೇಳದೆಯೇ ಬರೆಸಿದ. ಅವಳು ಒಂದು ವಾರ ಆ ಬೋರ್ಡನ್ನು ನೋಡಲು ನಾಚಿಕೊಂಡು ಹಿತ್ತಲಿನಿಂದ ಓಡಾಡಿದಳು.

೧೯೭೯ರಲ್ಲಿ ಬಸರಾಳಿನಿಂದ ಪುಟ್ಟಮಾದಯ್ಯ ಎಂಬ ಮೇಷ್ಟ್ರು ಬಂದರು. ಪೆಟ್ಟಿಗೆ ಬೇಕಾದದ್ದು ತಮ್ಮ ತಾಯಿಯ ಪದಗಳಿಗೆ ಎಂದರು. ತಾಯಿ ಮಲ್ಲಿಗಮ್ಮನಿಗೆ ಎಂಬತ್ತಾಗಿದೆ, ಬಸ್ಸು ಹತ್ತಲಾರರು. ಗಂಡ ಹೆಂಡತಿ ಅಂಗಡಿ ಮುಚ್ಚಿ ಎರಡು ಬಸ್ಸು ಬದಲಾಯಿಸಿ ಹೋದರು. ಮುದುಕಿ ಎಮ್ಮೆ ಕರೆಯುತ್ತಿದ್ದಳು. ಇವರನ್ನೂ ಪೆಟ್ಟಿಗೆಯನ್ನೂ ನೋಡಿ, "ಕೂತ್ಕಳಿ, ಎಮ್ಮೆ ಕರ್ದು ಬತ್ತೀನಿ" ಎಂದಳು. ಸಂಪತ್ ಕುಮಾರ ಜಗಲಿಯ ಮೇಲೆ ಸೆಲ್ಲುಗಳನ್ನು ಜೋಡಿಸಿದ. ಚೂಡಾಮಣಿ ಷಡ್ಜ ಹಾಕಿ, ಕಾಲು ಮಡಚಿ ಕೂತು, ಕೊಟ್ಟಿಗೆಯ ಕಡೆಗೆ ಕಿವಿ ಕೊಟ್ಟಳು.