ಕಂಟ್ರಾಕ್ಟರ್ ದನಿಯಲ್ಲಿ ಒಂದು ಕರೆ

ತಪ್ಪು ಪೂರ್ತಿ ನನ್ನದೇ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಎಲ್ಲರ ದನಿಯನ್ನೂ ಅಣಕಿಸುವ ಕೋತಿ ನಾನು. ನನ್ನ ತೊದಲನ್ನೂ ಬಿಟ್ಟವನಲ್ಲ. ಮೊನ್ನೆ ಊಟದ ಬಿಡುವಿನಲ್ಲಿ, ಕೊಪ್ಪಳದಿಂದ ಬಂದು ನಮ್ಮ ಜೊತೆ ದುಡಿಯುವ ಶರಣಪ್ಪನವರಿಗೆ ಗೋಡೌನಿನ ಫೋನಿನಿಂದ ಕರೆ ಮಾಡಿದೆ. “ಹೊರಗಿನೋರು ಜಾಸ್ತಿ ಆಗ್ಬಿಟ್ರಿ ಕಣಯ್ಯ, ಲೋಕಲ್ ಹುಡುಗ್ರಿಗೆ ಕೆಲ್ಸ ಇಲ್ಲ. ನಾಳೆಯಿಂದ ಬರ್ಬೇಡ!” ಎಂದು ಥೇಟ್ ಕಂಟ್ರಾಕ್ಟರ್ ದನಿಯಲ್ಲಿ ಗದರಿದೆ. ಅವರು ಜಗಳಕ್ಕೆ ಬರುತ್ತಾರೆ, ಆಮೇಲೆ ಎಲ್ಲರೂ ನಗೋಣ ಎಂದುಕೊಂಡಿದ್ದೆ.

ಹತ್ತೇ ನಿಮಿಷ. ಸೇಫ್ಟಿ ಶೂ, ಗುರುತಿನ ಚೀಟಿ ಎಲ್ಲವನ್ನೂ ಗೇಟಿನಲ್ಲಿ ಒಪ್ಪಿಸಿ ಅವರು ಹೊರಟೇಬಿಟ್ಟಿದ್ದರು! ಓಡಿಹೋಗಿ ಕೈ ಹಿಡಿದೆ.

“ಅಣ್ಣಾ, ಅದು ನಾನು, ತಮಾಷೆಗೆ! ಯಾಕೆ ಅಂತ ಒಂದ್ಮಾತು ಕೇಳೋದಲ್ವಾ?”

“ಹಿಂದಿನ ಕಂಪನಿಯಾಗೂ ಫೋನಿನ್ಯಾಗ ಹಿಂಗ ಅಂದಿದ್ರು ತಮ್ಮಾ. ತಮಾಷಿ ಅಂತ ಹೇಳಾಕ ಯಾರೂ ಓಡಿ ಬರಲಿಲ್ಲ.”