ನಾಲ್ಕು ಬೆರಳ ಹಳಿ

ಚಕ್ಕಡಿಯ ಗಾಲಿಗೆ ಎಷ್ಟು ಅಗಲದ ಹಳಿ ಹಾಕಿಸಬೇಕು ಎಂಬುದು ನಮ್ಮ ಕಾಲದಲ್ಲಿ ಹೆಂಗಸರು ಬಾಯಿ ಹಾಕುವ ವಿಷಯವಾಗಿರಲಿಲ್ಲ. ನಾನು ಹಾಕಿದೆ. ಅದಕ್ಕೆ ಕಾರಣವಿತ್ತು. ಕಾರಣವನ್ನು ಮೊದಲು ಹೇಳುತ್ತೇನೆ, ಉಳಿದದ್ದು ಆಮೇಲೆ.

ನನ್ನ ತವರು ಹುನಗುಂದದಿಂದ ಇಳಕಲ್ಲಿಗೆ ಹೋಗುವ ದೊಡ್ಡ ದಾರಿಯನ್ನು ಬಿಟ್ಟು ಒಳಗಿದ್ದ ಎರೆ ಸೀಮೆಯ, ಅಂದರೆ ಕರಿ ಮಣ್ಣಿನ, ಹಳ್ಳಿ. ತಂದೆ ಅಲ್ಲಿಯ ಕನ್ನಡ ಶಾಲೆಯ ಮಾಸ್ತರರು. ಶಾಲೆಯ ಗಂಟೆ ಸಾಲದೆಂದು ಮನೆಯಲ್ಲೂ ಒಂದು ಗಂಟೆ ತೂಗುಹಾಕಿದ್ದರು. ಏಳುವುದಕ್ಕೆ, ಓದುವುದಕ್ಕೆ, ಊಟಕ್ಕೆ, ಮಲಗುವುದಕ್ಕೆ ಅದನ್ನು ಬಾರಿಸುತ್ತಿದ್ದರು. ಹೆಣ್ಣು ಮಗುವೆಂದು ನನಗೆ ರಿಯಾಯಿತಿ ಇರಲಿಲ್ಲ. ಆ ಗಂಟೆ ಈಗಲೂ ನನ್ನ ಕಿವಿಯಲ್ಲಿದೆ; ಅದರ ಪ್ರಕಾರವೇ ಈ ವಯಸ್ಸಿನಲ್ಲೂ ಏಳುತ್ತೇನೆ.

ಮದುವೆಯಾಗಿ ಬಂದದ್ದು ಬಾದಾಮಿಗೆ. ಗಂಡನ ಮನೆಯವರದು ನೂಲಿನ ವ್ಯಾಪಾರ. ರೈಲಿನಲ್ಲಿ ಬಂದಿಳಿದ ನೂಲಿನ ಗಂಟುಗಳನ್ನು ಮಾವನವರು ತಮ್ಮದೇ ಚಕ್ಕಡಿಯಲ್ಲಿ ಹೇರಿಕೊಂಡು ಐಹೊಳೆ, ಅಮೀನಗಡ, ಹುನಗುಂದದ ಮೇಲಿಂದ ಇಳಕಲ್ಲಿನವರೆಗೂ ನೇಕಾರರ ಮನೆಗಳಿಗೆ ಮುಟ್ಟಿಸುತ್ತಿದ್ದರು. ನನ್ನ ಗಂಡ ಬಾಗಲಕೋಟೆಯ ಅಂಗಡಿ ನೋಡಿಕೊಂಡು ಅಲ್ಲೇ ಇರುತ್ತಿದ್ದರು, ಅಮಾವಾಸ್ಯೆಗೊಮ್ಮೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ಮಾವ, ನಾನು.

ಮನೆ ಗುಡ್ಡದ ಬುಡಕ್ಕೆ ಅಂಟಿಕೊಂಡಿತ್ತು. ಹಿಂದಿನ ಗೋಡೆಯನ್ನು ಯಾರೂ ಕಟ್ಟಿರಲಿಲ್ಲ. ಗುಡ್ಡದ ಕೆಂಪು ಬಂಡೆಯೇ ಗೋಡೆ. ಹಗಲೆಲ್ಲ ಕಾದ ಬಂಡೆ ಕತ್ತಲಾದ ಮೇಲೆ ಆ ಕಾವನ್ನು ಮನೆಯೊಳಕ್ಕೆ ಬಿಡುತ್ತಿತ್ತು. ಬಂಡೆಗೆ ಹೊಂದಿಕೊಂಡು ಕಿಟಕಿಯಿಲ್ಲದ ಒಂದು ಕೋಣೆ. ನಾನು ಬಸುರಿ ಎಂದು ಗೊತ್ತಾದ ವಾರವೇ ಅತ್ತೆ ಕಂದೀಲು ಹಿಡಿದುಕೊಂಡು ಅದನ್ನು ತೋರಿಸಿದರು.

"ನನ್ನ ಬಾಣಂತನ ಎಲ್ಲಾ ಇಲ್ಲೇ ಆದ್ವು ನೋಡವಾ. ಗಾಳಿ ಬರಂಗಿಲ್ಲ, ಮಂಗ್ಯಾ ಬರಂಗಿಲ್ಲ. ಭಾಳ ಚಲೋ ಖೋಲಿ."

ನಾನು ಒಳಗೆ ಕಾಲಿಡಲಿಲ್ಲ. ಹೊಸಿಲ ಮೇಲೆ ನಿಂತೇ ನೋಡಿದೆ. ಅತ್ತೆ ಕಂದೀಲು ಹಿಂದಕ್ಕೆ ತೆಗೆದಾಗ ಮಂಚವೂ ಕಾಣಲಿಲ್ಲ, ಗೋಡೆಯೂ ಕಾಣಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದನ್ನು ಅತ್ತೆಯೂ ಒಪ್ಪುತ್ತಿದ್ದರು. ಆದರೆ ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ, ಹಸಿರು ಬಳೆ ತೊಡಿಸಿದ ಮೇಲೆಯೇ ಬಸುರಿ ಊರು ದಾಟಬೇಕು. ಎಂಟಕ್ಕೆ ಬಿದ್ದರೆ ಪ್ರಯಾಣವಿಲ್ಲ. ನನಗೆ ಏಳನೆಯ ತಿಂಗಳು ಬೀಳುವುದು ಶ್ರಾವಣದಲ್ಲಿ. ಶ್ರಾವಣದಲ್ಲಿ ನಮ್ಮ ಎರೆ ಸೀಮೆಯ ದಾರಿ ಎಂದರೆ ಕಲಸಿಟ್ಟ ಹಿಟ್ಟು. ತವರಿನಲ್ಲಿ ಚಕ್ಕಡಿ ಇರಲಿಲ್ಲ. ಅವ್ವನಿಗೆ ಮೊಣಕಾಲು ಹಿಡಿದು ಅಂಗಳ ದಾಟುವುದೇ ಕಷ್ಟವಾಗಿತ್ತು. ಹಾಗಾಗಿ ಒಂದೇ ದಾರಿ ಉಳಿಯಿತು: ಮಾವನವರ ಚಕ್ಕಡಿ. ಅದರ ಗಾಲಿ ಎರೆಯಲ್ಲಿ ನಡೆದರೆ ನಾನು ಅವ್ವನ ಹತ್ತಿರ, ನಡೆಯದಿದ್ದರೆ ಆ ಕೋಣೆಯಲ್ಲಿ.

ಮಾವನವರು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ಆ ಮನೆಯಲ್ಲಿ ಸೊಸೆ ಮಾವನ ಎದುರು ಬಾಯಿ ಬಿಡುವಂತಿರಲಿಲ್ಲ, ಮಾವನೂ ಸೊಸೆಗೆ ನೇರವಾಗಿ ಏನನ್ನೂ ಹೇಳುವಂತಿರಲಿಲ್ಲ. ಅತ್ತೆ ಎದುರಿಗಿದ್ದರೆ ಅವರ ಮೂಲಕ. ಇಲ್ಲದಿದ್ದರೆ ಪಡಸಾಲೆಯ ಕಂಬದ ಮೂಲಕ. "ನೀರು ಕಾದಾವೇನು ಕೇಳು" ಎಂದು ಅವರು ಕಂಬಕ್ಕೆ ಹೇಳುವರು. "ಕಾದಾವಂತ ಹೇಳು" ಎಂದು ನಾನು ಬಾಗಿಲ ಮರೆಯಿಂದ ಅದೇ ಕಂಬಕ್ಕೆ ಹೇಳುವೆನು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು.

ಮಳೆಗಾಲಕ್ಕೆ ಮುಂಚೆ ಬಡಿಗ ಬಂದ. ಹಳೆಯ ಗಾಲಿಗಳು ಸವೆದು ಮುಗಿದಿದ್ದವು, ಹೊಸವನ್ನೇ ಮಾಡಬೇಕಿತ್ತು. ಪಡಸಾಲೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಕೇಳಿದ:

"ಸಾವಕಾರ್ರ, ಹಳಿ ಎರಡ ಬೆರಳಿಂದೋ, ನಾಕ ಬೆರಳಿಂದೋ? ಈಗs ಹೇಳ್ರಿ. ಕಟ್ಟಿಗಿ ಕೊಯ್ದ ಮ್ಯಾಲ ತಿದ್ದಾಕ ಬರಂಗಿಲ್ಲ."

ಹಳಿ ಎಂದರೆ ಗಾಲಿಯ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿ. ಎರಡು ಬೆರಳಿನದು ಗಟ್ಟಿ ಮುರಮಿನ ದಾರಿಗೆ ಹಗುರ, ಎತ್ತು ದಣಿಯುವುದಿಲ್ಲ; ಹಸಿ ಎರೆಯಲ್ಲಿ ಮಾತ್ರ ಈಳಿಗೆಯ ಹಾಗೆ ಇಳಿಯುತ್ತದೆ. ನಾಲ್ಕು ಬೆರಳಿನದು ಭಾರ, ಬಾದಾಮಿಯ ಕಲ್ಲು ದಾರಿಯಲ್ಲಿ ಊರೆಲ್ಲ ಏಳುವಷ್ಟು ಸದ್ದು. ಆದರೆ ಹೊಳೆಯ ಮರಳಿರಲಿ, ಎರೆಯ ಕೆಸರಿರಲಿ, ಮೇಲೆಯೇ ನಿಲ್ಲುತ್ತದೆ. ಇದನ್ನೆಲ್ಲ ನಾನು ನಮ್ಮೂರಿನ ದಾರಿಯಲ್ಲಿ ಹೂತು ನಿಂತ ಚಕ್ಕಡಿಗಳನ್ನು ನೋಡಿಯೇ ಕಲಿತಿದ್ದೆ.

"ಎರಡ ಬೆರಳ. ಎಂದಿನಂಗ," ಎಂದರು ಮಾವನವರು. "ಮಳಿಗಾಲದಾಗ ಎರಿಗೆ ಯಾರು ಹೊಂಟಾರ?"

ಅತ್ತೆ ಕೆರೆಗೆ ಹೋಗಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ಸೆರಗು ಮುಂದಕ್ಕೆ ಎಳೆದುಕೊಂಡು ಕಂಬಕ್ಕೆ ಹೇಳಿದೆ:

"ಮಳಿಗಾಲದಾಗ ಎರಿ ಊರಿನ ಮಗ್ಗ ಮಲಗಿರ್ತಾವೇನು ಕೇಳು. ನೂಲು ಮುಟ್ಟಸವ್ರಿಲ್ಲ ಅಂತ ನೇಕಾರ ಮಂದಿ ಬಾಯಿ ಬಡಕೋತಾರ. ಯಾರ ಚಕ್ಕಡಿ ಆವಾಗ ಬರ್ತೈತೋ ಅವರ ಕಡೀನs ವರ್ಷಾನುಗಟ್ಟಲೆ ನೂಲು ತಗೋತಾರಂತ ಹೇಳು."

ಬಡಿಗ ತಿರುಗಿ ಕಂಬವನ್ನು ಮೇಲಿಂದ ಕೆಳಗೆ ನೋಡಿದ. "ಕಂಬ ಭಾಳ ಶಾಣ್ಯಾ ಐತ್ರಿ, ಸಾವಕಾರ್ರ. ಸಾಗವಾನಿದೇನು?"

ಮಾವನವರು ನಗಲಿಲ್ಲ. "ಎತ್ತು ದಣೀತಾವಂತ ಹೇಳು," ಎಂದರು ಕಂಬಕ್ಕೆ.

"ನಾಕ ತಿಂಗಳ ನಿಂತ್ರ ದಣಿಯಂಗಿಲ್ಲ, ಖರೆ. ಮೇವು ಮಾತ್ರ ತಿಂತಾವಂತ ಹೇಳು."

ಬಡಿಗ ಬಾಯಲ್ಲಿದ್ದ ಎಲೆಯನ್ನು ಉಗುಳಲು ಅಂಗಳಕ್ಕೆ ಓಡಿದ. ನಗುತ್ತಿದ್ದ ಎಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅವನು ತಿರುಗಿ ಬಂದ ಮೇಲೆ ಮಾವನವರು, "ನಾಕ ಬೆರಳ ಹಾಕು" ಎಂದರು. ಸಂಜೆ ಹೊತ್ತಿಗೆ ಅದು ಪೂರ್ತಿ ಅವರದೇ ವಿಚಾರವಾಗಿತ್ತು. ಅತ್ತೆಗೆ ಅವರೇ ವಿವರಿಸಿದರು, ನಾನು ಹೇಳಿದ ಮಾತುಗಳಲ್ಲೇ.

ಹಳಿ ಏರಿಸುವುದನ್ನು ಮಾಳಿಗೆಯ ಮೇಲಿಂದ ನೋಡಿದೆ. ಕಂಬಾರ ಸಗಣಿ ಕುಳ್ಳಿನ ರಾಶಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿದ. ಇಕ್ಕಳ ಹಿಡಿದ ಗಂಡಸರು ಅದನ್ನು ಎತ್ತಿ ಗಾಲಿಯ ಮೇಲಿಟ್ಟು ಬಡಿದು ಕೂಡಿಸಿದರು. ಸುತ್ತಲೂ ನೀರು ಸುರಿದಾಗ ಹಬೆ ಎದ್ದಿತು. ಕಬ್ಬಿಣ ತಣಿಯುತ್ತ ಬಿಗಿಯುತ್ತ ಹೋದಂತೆ ಒಳಗಿನ ಕಟ್ಟಿಗೆ ಕಿರುಗುಟ್ಟಿತು. ಆ ಸದ್ದಿಗೆ ನನ್ನ ಹೊಟ್ಟೆಯೊಳಗೆ ಮೊದಲ ಸಲ ಏನೋ ಹೊರಳಿದಂತಾಯಿತು. ನಾನು ಗೆದ್ದೆ ಅಂದುಕೊಂಡೆ.

ಮಳೆ ಹಿಡಿಯಿತು. ಅಗಲ ಹಳಿಯ ಚಕ್ಕಡಿ ಎರೆಯಲ್ಲಿ ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತೆಂದರೆ, ಅದು ಮನೆಯಲ್ಲಿ ನಿಲ್ಲಲೇ ಇಲ್ಲ. ಯಾರ ಚಕ್ಕಡಿಯೂ ಹೋಗದ ಹೊತ್ತಿನಲ್ಲಿ ಮಾವನವರದು ಹೋಗುತ್ತಿತ್ತು, ಹೋದಲ್ಲೆಲ್ಲ ಇನ್ನಷ್ಟು ನೂಲು ಕೇಳುತ್ತಿದ್ದರು. ಬೆಳಗ್ಗೆ ಹೇರುವುದು, ಗಡಗಡ ಸದ್ದು ಮಾಡುತ್ತ ಹೊರಡುವುದು, ಕೆಲವು ದಿನಕ್ಕೆ ಕರಿ ಮಣ್ಣು ಮೆತ್ತಿಕೊಂಡು ಬರುವುದು, ಒಂದು ದಿನ ಎತ್ತಿಗೆ ವಿಶ್ರಾಂತಿ, ಮತ್ತೆ ಹೇರುವುದು. ಗಾಲಿಗೆ ಒಣಗಿ ಅಂಟಿದ ಮಣ್ಣನ್ನು ಕೆರೆದು ತೊಳೆಯುವ ಕೆಲಸ ನನ್ನದು. ಅದು ನಮ್ಮೂರ ಮಣ್ಣು.

ಒಂದು ಸಲ ಮಾವನವರು ಬಂದು ಉಂಡು ಕೈ ತೊಳೆದು ಕಂಬಕ್ಕೆ ಹೇಳಿದರು: "ಮಾಸ್ತರ ಮನ್ಯಾಗ ಹಾಲು ಕುಡದ ಬಂದೆ. ಮಗಳು ಯಾವಾಗ ಬರ್ತಾಳಂತ ಆಕಿ ಅವ್ವ ಕೇಳಿದ್ಲು." ಜೊತೆಗೆ ಅವ್ವ ಕಳಿಸಿದ ಗಂಟು. ಬಿಚ್ಚಿದರೆ ಕುಬಸದ ಖಣ, ರವಿಕೆಯ ಬಟ್ಟೆ. ಅದು ಅಲ್ಲಿಂದ ಇಲ್ಲಿಗೆ ಬಂದಿತ್ತು. ಇಲ್ಲಿಂದ ಅಲ್ಲಿಗೆ ಹೋಗಬೇಕಾದದ್ದು ಇಲ್ಲೇ ಇತ್ತು.

ಕುಬಸವಾಯಿತು. ನಾಗರ ಪಂಚಮಿಯೂ ಮುಗಿದು ಹೋಯಿತು. ಓಣಿಯ ಸೊಸೆಯರೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ ಬಂದರು. ನಮ್ಮ ಚಕ್ಕಡಿಯಲ್ಲಿ ಮಾತ್ರ ಪ್ರತಿ ಸಲವೂ ಹೇರು ತುಂಬಿರುತ್ತಿತ್ತು. ಯಾರೂ ನನಗೆ ಬೇಡ ಎನ್ನಲಿಲ್ಲ. ಮುಂದಿನ ಸಲ ಎಂದರು. ಅಮಾವಾಸ್ಯೆಗೆ ಗಂಡ ಬಂದಾಗ ಅವರಿಗೆ ಹೇಳಿದೆ.

"ಅಪ್ಪಗ ನಾ ಹ್ಯಾಂಗ ಹೇಳ್ಲಿ?" ಎಂದರು. "ಹಳಿ ಹಾಕಿಸಿದ್ದs ನೂಲಿನ ಸಲುವಾಗಿ ಅಂತಾನ."

ಹೌದು, ನೂಲಿನ ಸಲುವಾಗಿಯೇ. ನಾನೇ ಹಾಗೆ ಹೇಳಿದ್ದೆ. ನನ್ನ ಹೆರಿಗೆಯ ಮಾತನ್ನು ಕಂಬಕ್ಕೂ ಹೇಳಿರಲಿಲ್ಲ.

ಅತ್ತೆ ಆ ಕೋಣೆಯನ್ನು ಸಾರಿಸಲು ಶುರು ಮಾಡಿದರು. ಮಂಚಕ್ಕೆ ಹೊಸ ಹಗ್ಗ ಬಿಗಿಸಿದರು. ಎಂಟು ತಿಂಗಳು ಬೀಳುವ ಮುಂಚೆ ಚಕ್ಕಡಿ ಇನ್ನೊಂದೇ ಸಲ ಎರೆ ಸೀಮೆಗೆ ಹೋಗುವುದಿತ್ತು. ಆ ಬೆಳಗ್ಗೆ ಗಂಟು ಹೇರುತ್ತಿದ್ದಾಗ ಕಂಬದ ಹತ್ತಿರ ಹೋಗಿ ನಿಂತೆ.

"ಹೇರಿನ ಮ್ಯಾಲ ಒಂದ ಜೀವಕ್ಕ ಜಾಗ ಐತೇನು ಕೇಳು."

"ಈ ಸಲ ಭಾಳ ತುಂಬೇತಿ. ಮುಂದಿನ ಸಲ ನೋಡೂಣಂತ ಹೇಳು," ಎಂದು ಮಾವನವರು ಎತ್ತು ತರಲು ಹೋದರು.

ನಾನು ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡೆ. ಹೊರಗೆ ಬಂದು, ಗಾಲಿಯ ಮೇಲೆ ಕಾಲಿಟ್ಟು, ನೂಲಿನ ಗಂಟುಗಳ ಮೇಲೆ ಹತ್ತಿ ಕೂತೆ. ಮಾವನವರು ಎತ್ತು ಹಿಡಿದುಕೊಂಡು ಬಂದು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಕಂಬ ಪಡಸಾಲೆಯಲ್ಲಿತ್ತು. ಬೀದಿಯಲ್ಲಿ ಕಂಬವಿರಲಿಲ್ಲ.

ಅತ್ತೆ ಓಡಿ ಬಂದರು. "ಏನವಾ ಇದು! ಮಂದಿ ನೋಡ್ತಾರ, ಇಳಿ ಕೆಳಗ!"

"ಒಲ್ಲೇರಿ ಅತ್ತಿ," ಎಂದೆ.

ಐಹೊಳೆಯ ಮಗಳ ಮನೆಗೆಂದು ಹೇಳದೆ ಕೇಳದೆ ಅದೇ ಚಕ್ಕಡಿಗೆ ಬಂದಿದ್ದ ಪಕ್ಕದ ಮನೆಯ ಮುದುಕಿ ಮಾವನವರ ಮುಖ ನೋಡಿ ಕುಲುಕುಲು ನಕ್ಕಳು. "ಮಾತಾಡೋ ಯಪ್ಪಾ! ಊರ ನೇಕಾರರಿಗೆಲ್ಲಾ ಬೈತಿ, ಒಬ್ಬಾಕಿ ಸೊಸಿಗೆ ಇಳಿ ಅನ್ನಾಕ ಬಾಯಿ ಇಲ್ಲ?" ಎಂದು ತಾನೂ ನನ್ನ ಪಕ್ಕ ಹತ್ತಿ ಕೂತಳು. ಅತ್ತೆ ಬೈಯುತ್ತಲೇ ಒಳಗೆ ಹೋದರು, ಬೈಯುತ್ತಲೇ ಹೊರಗೆ ಬಂದರು. ರೊಟ್ಟಿ ಬುತ್ತಿಯನ್ನು ಮೇಲಕ್ಕೆ ಚಾಚಿ, "ಉಪವಾಸ ಇರಬ್ಯಾಡ" ಎಂದರು. ಮಾವನವರು ನೊಗ ಹೂಡಿದರು.

ಐಹೊಳೆಯವರೆಗೆ ಮುದುಕಿಯೇ ನಮ್ಮ ಕಂಬ. "ನಿನ್ನ ಸೊಸಿಗೆ ನೀರಡಿಕಿ ಆಗೇತಿ," "ನಿನ್ನ ಮಾವ ಕಾಲ ಚಾಚಿ ಕುಂದ್ರಂತಾನ," ಎಂದು ತನಗೆ ಬೇಕಾದ ಹಾಗೆ ಸೇರಿಸಿ ಹೇಳುತ್ತಿದ್ದಳು. ಹೊಳೆ ಇಳಿದಿತ್ತು, ಮರಳಿನಲ್ಲಿ ಹಳಿ ಹೂಳಲಿಲ್ಲ. ರಾತ್ರಿ ಆಕೆಯ ಮಗಳ ಮನೆಯಲ್ಲಿ ತಂಗಿದೆವು. ಅಲ್ಲಿಂದ ಮುಂದೆ ನಾವಿಬ್ಬರೇ. ಅಮೀನಗಡ, ಹುನಗುಂದ, ಮತ್ತೊಂದು ವಸತಿ, ಮಾತಿಲ್ಲ. ಅವರ ಬೆನ್ನು, ನನ್ನ ಸೆರಗು, ಗಾಲಿಯ ಸದ್ದು. ದೊಡ್ಡ ದಾರಿ ಬಿಟ್ಟು ಎರೆಗೆ ಇಳಿದ ಮೇಲೆ ಆ ಸದ್ದೂ ನಿಂತಿತು.

ಊರ ಗುಡಿಯ ಶಿಖರ ಕಾಣುವಷ್ಟು ಹತ್ತಿರ ಬಂದಿದ್ದೆವು. ಹಳ್ಳದ ತಗ್ಗಿನಲ್ಲಿ ಎಡ ಗಾಲಿ ಕುಸಿಯಿತು. ಎತ್ತುಗಳು ಮಂಡಿಯೂರಿ ಎಳೆದವು, ಆಗಲಿಲ್ಲ. ಮಾವನವರು ಇಳಿದು ಹಿಂದೆ ಬಂದು ಗಾಲಿ ನೋಡಿದರು. ಹೇರು ನೋಡಿದರು. ಜೋತುಬಿದ್ದ ನನ್ನ ಪಾದಗಳನ್ನು ನೋಡಿ ಮುಖ ತಿರುಗಿಸಿದರು. ಸುತ್ತ ಹೊಲ, ಒಂದು ನರಪಿಳ್ಳೆಯೂ ಇಲ್ಲ. ಆಮೇಲೆ ಒಂದು ನೂಲಿನ ಗಂಟನ್ನು ಹೆಗಲಿಗೆ ಏರಿಸಿಕೊಂಡು, ಮೊಣಕಾಲ ಮಟ್ಟ ಕೆಸರಿನಲ್ಲಿ ನಡೆದು, ದೂರದ ಜಾಲಿ ಗಿಡದ ಕೆಳಗಿನ ಕಲ್ಲುಗಳ ಮೇಲೆ ಕಂಬಳಿ ಹಾಸಿ ಇಟ್ಟು ಬಂದರು. ಇನ್ನೊಂದನ್ನು ಎತ್ತಿದರು.

ನನಗೆ ತಡೆಯಲಾಗಲಿಲ್ಲ. ಇಳಿಯಲೆಂದು ಗಾಲಿಯ ಮೇಲೆ ಕಾಲಿಟ್ಟೆ.

"ಹೋ! ಹೋ!" ಎಂದರು ಮಾವನವರು. ಅದು ಎತ್ತುಗಳನ್ನು ನಿಲ್ಲಿಸುವ ಕೂಗು. ಎತ್ತುಗಳು ಆಗಲೇ ನಿಂತಿದ್ದವು.

ನಾನು ಕಾಲು ಮೇಲೆಳೆದುಕೊಂಡು ಕೂತೆ. ಅವರು ಎಲ್ಲ ಗಂಟುಗಳನ್ನೂ ಹೊತ್ತರು. ನಾನು ಕೂತಿದ್ದ ಗಂಟೊಂದನ್ನು ಮಾತ್ರ ಬಿಟ್ಟರು. ಹಗುರಾದ ಚಕ್ಕಡಿ ಹಳ್ಳ ಹತ್ತಿತು. ಗಂಟುಗಳನ್ನು ಮತ್ತೆ ಹೊತ್ತು ತಂದು ಹೇರುವ ಹೊತ್ತಿಗೆ ಅವರ ಮೈಯೆಲ್ಲ ಎರೆ ಮೆತ್ತಿ ಕಣ್ಣೆರಡು ಮಾತ್ರ ಕಾಣುತ್ತಿದ್ದವು.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಇಳಿದು ಹೋಗಿ ಅವಳ ತೋಳು ಹಿಡಿದೆ. ಅಪ್ಪ ಬೀಗರಿಗೆ ಕಾಲಿಗೆ ನೀರು ಕೊಟ್ಟರು, ಕೂತುಕೊಳ್ಳಿ ಎಂದರು. ಮಾವನವರು ಕೂರಲಿಲ್ಲ, ನೂಲು ಮುಟ್ಟಿಸುವುದಿತ್ತು. ಹೊರಡುವಾಗ ನಮ್ಮ ಪಡಸಾಲೆಯ ಕಂಬದ ಕಡೆಗೆ ತಿರುಗಿದರು.

"ಹುಷಾರ್ ಇರಂತ ಹೇಳು," ಎಂದರು. "ತೊಟ್ಲಾ ಆದ ಮ್ಯಾಲ, ಮಳಿ ಇರಲಿ ಕೆಸರ ಇರಲಿ, ಕರಿಯಾಕ ಚಕ್ಕಡಿ ಬರ್ತೈತಿ ಅಂತ ಹೇಳು."

ಹೇಗಿದ್ದರೂ ಬರುವಂಥ ಗಾಲಿಯನ್ನು ನಾನೇ ಆರಿಸಿದ್ದೆ.

"ಆತಂತ ಹೇಳು," ಎಂದೆ ಕಂಬಕ್ಕೆ.

ನಮ್ಮಪ್ಪ, ಕಂಬದ ಹಿಂದೆ ಯಾರು ನಿಂತಿದ್ದಾರೆಂದು ಬಗ್ಗಿ ನೋಡಿದರು.